ಪೆಟ್ಟಿಗೆ ತೆರೆದ ಭಾನುವಾರ

ಟೀವಿಯಲ್ಲಿ ಯಾರಾದರೂ ‘ಎಲ್ಲೂ ಹೋಗಬೇಡಿ’ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೋಗಬೇಡಿ ಅನ್ನೋಕೆ ನೀನ್ಯಾರಪ್ಪ ಎಂದು ಬಾಯಿ ಬಿಟ್ಟೇ ಬೈದುಬಿಡುತ್ತೇನೆ. ‘ಅವನಿಗೆ ಕೇಳಿಸುತ್ತಾ?’ ಎಂದು ಮನೆಯವರು ರೇಗಿಸುತ್ತಾರೆ. ರೇಗಿಸಲಿ. ಆ ಒಂದು ಮಾತು ಕೇಳಿಕೊಂಡು ನಮ್ಮ ಅಪ್ಪ ಒಂದು ಭಾನುವಾರವಿಡೀ ಶಿವಮೊಗ್ಗದ ಮನೆಯಲ್ಲಿ ಕುರ್ಚಿ ಬಿಟ್ಟು ಏಳಲಿಲ್ಲ. ಅದೇ ಭಾನುವಾರ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರ ಅಕ್ಕನನ್ನು ಮಣ್ಣು ಮಾಡಿದರು. ಅಪ್ಪನಿಗೆ ಸುದ್ದಿಯೇ ಬರಲಿಲ್ಲ. ಸುದ್ದಿ ಹೇಳಬೇಕಾದ ಟೀವಿ ಅವತ್ತು ಒಂದು ಕಬ್ಬಿಣದ ಪೆಟ್ಟಿಗೆಯನ್ನು ತೋರಿಸುತ್ತಾ ಕೂತಿತ್ತು.

ಆ ಅತ್ತೆ ಅಪ್ಪನಿಗೆ ಬರೀ ಅಕ್ಕ ಅಲ್ಲ. ಹೊಳಲೂರಿನಲ್ಲಿ ನಮ್ಮಜ್ಜಿ ತೀರಿಕೊಂಡಾಗ ಅಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ತಲೆಗೆ ಎಣ್ಣೆ ಹಚ್ಚಿ, ಜ್ವರ ಬಂದರೆ ಮಗ್ಗುಲಲ್ಲಿ ಕೂತು ಸಾಕಿದ್ದು ಅಕ್ಕನೇ. ಮದುವೆಯಾಗಿ ಭದ್ರಾವತಿಗೆ ಹೋಗುವಾಗ ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ ಹೈಸ್ಕೂಲು ಓದಿಸಿದರು. ಆಮೇಲೆ ಅಪ್ಪ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಗುಮಾಸ್ತರಾದರು, ಮದುವೆಯಾದರು, ತಲೆಯೂ ನೆರೆಯಿತು. ಅತ್ತೆಗೆ ಮಾತ್ರ ಅವರು ಕೊನೆಯವರೆಗೂ ‘ಮರಿ’. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, “ಮರೀ, ಊಟ ಆಯ್ತೇನೋ?” ಎಂದು ಒಳಗಿನಿಂದ ಕೂಗುತ್ತಿದ್ದರು. ಕಂಡಕಂಡವರ ಮೇಲೆಲ್ಲ ಹರಿಹಾಯುವ ನಮ್ಮಪ್ಪ ಆ ಕೂಗಿಗೆ, “ಇಲ್ಲ ಅಕ್ಕ, ಹಾಕು” ಎಂದು ಸೀದಾ ಅಡುಗೆಮನೆಗೇ ನಡೆಯುತ್ತಿದ್ದರು. ಮನೆಯಲ್ಲಿ ಉಂಡು ಹೋಗಿದ್ದರೂ ಸರಿ, ಅಲ್ಲಿ ಮತ್ತೊಮ್ಮೆ ಉಣ್ಣುತ್ತಿದ್ದರು.

ಇನ್ನು ಟೀವಿಯ ವಿಷಯ. ಆಗ ನಮ್ಮಲ್ಲಿ ಕೇಬಲ್‌ನವರೇ ನಡೆಸುತ್ತಿದ್ದ ಒಂದು ಊರಿನ ಚಾನೆಲ್ ಇತ್ತು. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಅದರಲ್ಲಿ ವಾರ್ತೆ. ಓದುತ್ತಿದ್ದವರು ಪ್ರೈಮರಿ ಸ್ಕೂಲಿನಿಂದ ನಿವೃತ್ತರಾದ ಒಬ್ಬ ಮೇಡಂ. ಹಿಂದೆ ಒಂದು ನೀಲಿ ಪರದೆ, ಮುಂದೆ ಒಂದು ಮೇಜು, ಅಷ್ಟೇ ಅವರ ಸ್ಟುಡಿಯೋ. ನಲ್ಲಿ ನೀರು ಯಾವ ಬಡಾವಣೆಗೆ ಯಾವಾಗ, ಕರೆಂಟು ಎಲ್ಲಿ ಹೋಗುತ್ತೆ, ಅಡಿಕೆಯಲ್ಲಿ ರಾಶಿ ಎಷ್ಟಕ್ಕೆ ಹೋಯಿತು, ಬೆಟ್ಟೆ ಎಷ್ಟಕ್ಕೆ ಹೋಯಿತು. ಕೊನೆಯಲ್ಲಿ ಸಾವಿನ ಸುದ್ದಿ. ಯಾರು ತೀರಿಕೊಂಡರು, ಯಾರ ತಾಯಿ, ಯಾರ ಅಣ್ಣ, ಮಣ್ಣು ಎಷ್ಟು ಹೊತ್ತಿಗೆ, ಎಲ್ಲಿ. ಮೇಡಂ ಆ ಭಾಗಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುತ್ತಿದ್ದರು. ಅದನ್ನು ನೋಡಿದ ಕೂಡಲೇ ಅಮ್ಮ ಒಗ್ಗರಣೆ ಸೌಟು ಕೆಳಗಿಟ್ಟು ಹೊರಗೆ ಬರುತ್ತಿದ್ದರು. ಎಲ್ಲ ಮನೆಗಳಲ್ಲೂ ಹಾಗೇ.

ನಮ್ಮ ಕಡೆ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ವಿಭೂತಿ ಹಚ್ಚಿ, ಹೂವಿನ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿಕೊಂಡು, ಭಜನೆ ಮಾಡುತ್ತಾ ಹೊತ್ತುಕೊಂಡು ಹೋಗುವುದು. ಸತ್ತ ದಿನವೇ, ಹೊತ್ತು ಮುಳುಗುವುದರೊಳಗೆ ಆಗಬೇಕು. ಹಾಗಾಗಿ ಸುದ್ದಿ ಮುಟ್ಟಿಸುವುದೇ ದೊಡ್ಡ ಕೆಲಸ. ಹಿಂದೆಲ್ಲ ಪ್ರತಿ ಊರಿಗೂ ಒಬ್ಬ ಮನುಷ್ಯನನ್ನು ಅಟ್ಟುತ್ತಿದ್ದರು. ಅವನು ಬಂದು ಹೊಸಿಲ ಹೊರಗೇ ನಿಂತು ಹೇಳಿ, ನೀರೂ ಕುಡಿಯದೆ ಮುಂದಿನ ಮನೆಗೆ ಹೋಗುತ್ತಿದ್ದ. ಹೆಂಗಸು ಸತ್ತರೆ ಮೊದಲ ಮನುಷ್ಯ ಅವಳ ತವರಿಗೆ. ಏಕೆಂದರೆ ತವರಿನವರು ಸೀರೆ ತರಬೇಕು. ಕಡೆಯದಾಗಿ ಉಡಿಸುವುದು ತವರಿನ ಸೀರೆ. ಅದು ಬರುವವರೆಗೆ ವಿಮಾನ ಎತ್ತುವುದಿಲ್ಲ.

ಕೇಬಲ್ ವಾರ್ತೆ ಬಂದ ಮೇಲೆ ಮನುಷ್ಯನನ್ನು ಅಟ್ಟುವುದು ತಾನಾಗಿಯೇ ನಿಂತುಹೋಯಿತು. ಬೆಳಿಗ್ಗೆ ಒಂದು ಚೀಟಿ ಬರೆದು ಅವರವರ ಊರಿನ ಕೇಬಲ್ ಆಫೀಸಿಗೆ ಕೊಟ್ಟರೆ ಮುಗಿಯಿತು, ಮಧ್ಯಾಹ್ನ ಶಿವಮೊಗ್ಗ ಭದ್ರಾವತಿ ಎರಡಕ್ಕೂ ಗೊತ್ತು. ಮೇಡಂ ಓದಿದರೆ ಮನುಷ್ಯ ಬಂದು ಹೇಳಿದ ಹಾಗೇ ಲೆಕ್ಕ. “ನೀವು ಹೇಳಿ ಕಳಿಸಲಿಲ್ಲ” ಎಂದು ಯಾರಾದರೂ ಮುನಿಸಿಕೊಂಡರೆ, “ಕೇಬಲಲ್ಲಿ ಬಂತಲ್ಲ ಮಾರಾಯ, ನೋಡಲಿಲ್ವಾ?” ಎಂದು ಅವರನ್ನೇ ದಬಾಯಿಸುತ್ತಿದ್ದರು.

ಅಷ್ಟರಲ್ಲಿ ಆ ಪೆಟ್ಟಿಗೆ ಸಿಕ್ಕಿತು. ಓಲ್ಡ್ ಟೌನಿನ ಪೇಟೆಯಲ್ಲಿ ಕಾಂಪ್ಲೆಕ್ಸ್ ಕಟ್ಟಲೆಂದು ಒಂದು ಹಳೇ ಅಕ್ಕಿ ಗಿರಣಿ ಕೆಡವುತ್ತಿದ್ದರು. ಗೋಡೆಯ ಒಳಗೆ ಒಂದು ಕಬ್ಬಿಣದ ಪೆಟ್ಟಿಗೆ, ಬೀಗದ ಕೈ ಇಲ್ಲ, ಆನೆ ಎಳೆದರೂ ಅಲುಗುವುದಿಲ್ಲ. ಕೇಬಲ್ ಯಜಮಾನನಿಗೆ ಇಷ್ಟು ಸಾಕಾಯಿತು. ಶಿವಮೊಗ್ಗದ್ದನ್ನು ಭದ್ರಾವತಿಗೆ ತೋರಿಸುವ ಲೈನು ಮೊದಲೇ ಇತ್ತು, ಈಗ ಭದ್ರಾವತಿಯಿಂದ ಶಿವಮೊಗ್ಗಕ್ಕೂ ಅವನು ಹೊಸದಾಗಿ ಕೇಬಲ್ ಎಳೆಸಿ ಮುಗಿಸಿದ್ದ. ಅಲ್ಲಿ ಆಗುವುದನ್ನು ಆಗುವಾಗಲೇ ಇಲ್ಲಿ ತೋರಿಸಬಹುದು ಎಂಬುದನ್ನು ಜನಕ್ಕೆ ಹೇಗೆ ತಿಳಿಸುವುದು ಎಂದು ಕಾಯುತ್ತಿದ್ದವನ ಬಾಯಿಗೆ ಪೆಟ್ಟಿಗೆ ಬಂದು ಬಿತ್ತು.

ಅಬ್ಬಬ್ಬಾ, ಏನು ಅಬ್ಬರ! ‘ಪೆಟ್ಟಿಗೆಯಲ್ಲಿ ಏನಿದೆ?’ ಎಂದು ಪರದೆಯ ಕೆಳಗೆ ಹಗಲೂ ರಾತ್ರಿ ಅಕ್ಷರ ಓಡಿತು. ಆಟೋದಲ್ಲಿ ಮೈಕ್ ಕಟ್ಟಿ ಗಾಂಧಿ ಬಜಾರಿನ ತುಂಬ ಕೂಗಿದರು. ಪಾಳೇಗಾರರ ಚಿನ್ನ ಅಂದರು ಕೆಲವರು. ಯಾವುದೋ ಕೊಲೆಯ ಎಲುಬು ಅಂದರು ಇನ್ನು ಕೆಲವರು. ಮಂಡಿಯಲ್ಲಿ ಅಡಿಕೆ ಆರಿಸುವ ಹೆಂಗಸರಿಂದ ಹಿಡಿದು ಯಜಮಾನರವರೆಗೆ ಅದೇ ಮಾತು. ಅಪ್ಪನಿಗೂ ಹುಚ್ಚು ಹಿಡಿಯಿತು. ಅವರು ಮುಖ ಗಂಟಿಕ್ಕಿಕೊಂಡು, “ಎಲ್ಲ ಬೋಗಸ್ಸು” ಅನ್ನುವುದು, ಮತ್ತೆ ಹೋಗಿ ಟೀವಿ ಮುಂದೆ ಕೂರುವುದು.

ಆ ವಾರ ಅತ್ತೆಗೆ ಹುಷಾರಿರಲಿಲ್ಲ. ಉಸಿರು ಕಟ್ಟುತ್ತದೆ, ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಈಗ ಪರವಾಗಿಲ್ಲ ಎಂದು ಅತ್ತೆಯ ಮಗ ಪಕ್ಕದ ಮನೆಗೆ ಫೋನು ಮಾಡಿ ತಿಳಿಸಿದ್ದರು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಭಾನುವಾರ ಹೋಗಿ ನೋಡಿಕೊಂಡು ಬರುವುದೆಂದು ಅಪ್ಪ ನಿರ್ಧಾರ ಮಾಡಿದ್ದರು. ಪೆಟ್ಟಿಗೆಯೂ ಭಾನುವಾರವೇ ಎಂದು ಗೊತ್ತಾದಾಗ ಅವರಿಗೆ ಇನ್ನೂ ಖುಷಿ.

“ಅಕ್ಕನ್ನೂ ನೋಡಿದ ಹಾಗಾಯ್ತು, ಪೆಟ್ಟಿಗೇನೂ ನೋಡಿದ ಹಾಗಾಯ್ತು” ಅಂದರು.

ಅಮ್ಮ ಒಪ್ಪಲಿಲ್ಲ. “ಆ ಗುಂಪಲ್ಲಿ ನಿಮಗೇನ್ರೀ ಕಾಣುತ್ತೆ? ಕಾಲು ತುಳಿಸಿಕೊಂಡು ಬರ್ತೀರಿ ಅಷ್ಟೆ. ಮನೇಲೇ ಕೂತ್ಕೊಂಡು ನೋಡಿ ಅಂತ ಅವರೇ ಹೇಳ್ತಿದ್ದಾರಲ್ಲ. ಅತ್ತಿಗೆ ಎಲ್ಲಿಗೆ ಹೋಗ್ತಾರೆ? ಸೋಮವಾರ ಹೋಗಿ.”

ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಯಾರು ಬೇಕಾದರೂ ಹೀಗೇ ಹೇಳುತ್ತಿದ್ದರು. ಪಕ್ಕದ ಮನೆಯವರು ಮಾತ್ರ ಯಾರ ಮಾತೂ ಕೇಳದೆ ಬೆಳಿಗ್ಗೆಯೇ ಮನೆಗೆ ಬೀಗ ಜಡಿದು, ಮಕ್ಕಳು ಮರಿ ಕಟ್ಟಿಕೊಂಡು ಭದ್ರಾವತಿ ಬಸ್ಸು ಹತ್ತಿದರು.

ಅತ್ತೆ ಅವತ್ತು ಬೆಳಗಿನ ಜಾವ ಹೋಗಿಬಿಟ್ಟಿದ್ದರು. ಭಾವ, ಅಂದರೆ ಅತ್ತೆಯ ಮಗ, ಹೊತ್ತು ಹುಟ್ಟುವ ಮೊದಲೇ ಚೀಟಿ ಬರೆದು ಕೇಬಲ್ ಆಫೀಸಿಗೆ ಕೊಟ್ಟು ಬಂದರು. ಪಕ್ಕದ ಮನೆಗೆ ಮತ್ತೆ ಮತ್ತೆ ಫೋನು ಮಾಡಿದರಂತೆ. ಬೀಗ ಹಾಕಿದ ಮನೆಯೊಳಗೆ ಅದು ಹೊಡೆದುಕೊಂಡಿರಬೇಕು. ನಮ್ಮ ಮನೆಯ ಟೀವಿಯ ಗದ್ದಲದಲ್ಲಿ ಯಾರಿಗೆ ಕೇಳಿಸುತ್ತೆ? ಆದರೂ ಭಾವ ಗಾಬರಿಯಾಗಲಿಲ್ಲ. ಮಧ್ಯಾಹ್ನದ ವಾರ್ತೆಯನ್ನು ಮಾವ ಒಂದು ದಿನವೂ ತಪ್ಪಿಸುವವರಲ್ಲ, ನೋಡಿದ ಕೂಡಲೇ ಸೀರೆ ಹಿಡಿದು ಓಡಿ ಬರುತ್ತಾರೆ ಎಂದುಕೊಂಡು ಕೂತರು.

ಅಪ್ಪ ವಾರ್ತೆಗೆ ಕಾದಿದ್ದು ನಿಜ. ತಟ್ಟೆ ಮುಂದಿಟ್ಟುಕೊಂಡು, “ಎಲ್ಲಿ ಹೋದ್ರು ಇವತ್ತು ಮೇಡಂ?” ಎಂದು ಎರಡೆರಡು ಸಲ ಕೇಳಿದರು. ಮೇಡಂ ಬರಲಿಲ್ಲ. ಅವರ ಜಾಗದಲ್ಲಿ ಕೋಟು ಹಾಕಿದ ಒಬ್ಬ ಯುವಕ. ಮೊದಲು ಆರ್ಕೆಸ್ಟ್ರಾಗಳಲ್ಲಿ ನಿರೂಪಣೆ ಮಾಡುತ್ತಿದ್ದವನು. ಅವನು ಪೆಟ್ಟಿಗೆಯ ಸುತ್ತ ಸುತ್ತಿದ, ಅದನ್ನು ತಟ್ಟಿದ, ಕಿವಿ ಇಟ್ಟು ಕೇಳಿದ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿಸಿದರು. ಗ್ಯಾಸ್ ಕಟ್ಟಿಂಗ್‌ಗೆ ಬಂದಿದ್ದ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ತಮಿಳು ಮನುಷ್ಯನನ್ನು, “ಇದು ಎಷ್ಟು ಕಷ್ಟ ಹೇಳಿ” ಎಂದು ಕೇಳಿದರೆ ಅವನು, “ಕಷ್ಟ ಏನಿಲ್ಲ ಸಾರ್, ಕೊಂಜಂ ಹಿಂದೆ ಹೋಗಿ, ಈಗಲೇ ಕತ್ತರಿಸ್ತೀನಿ” ಅಂದ. ಯುವಕ ಅವನ ಬಾಯಿ ಮುಚ್ಚಿಸಿ ಜಾಹೀರಾತಿಗೆ ಹೋದ. ಹೋಗುವಾಗ, “ಎಲ್ಲೂ ಹೋಗಬೇಡಿ!”

ಮಧ್ಯಾಹ್ನ ಹೀಗೇ ಕಳೆಯಿತು. ಹೊತ್ತು ಇಳಿಯುವಾಗ ಕೊನೆಗೂ ಗ್ಯಾಸ್ ಹಚ್ಚಿದರು. ಕಿಡಿ ಹಾರುತ್ತಿತ್ತು. ನಮ್ಮ ಬೀದಿಯವರು ಒಂದಿಷ್ಟು ಜನ ನಮ್ಮ ಮನೆಯಲ್ಲೇ ಸೇರಿದ್ದರು. ಆಗ ಪೇಟೆ ಬೀದಿಯ ಆ ತುದಿಯಿಂದ ಒಂದು ವಿಮಾನ ಬಂತು. ಭಜನೆಯ ತಾಳ ಮೈಕಿನಲ್ಲಿ ಸಣ್ಣಗೆ ಕೇಳಿಸಿತು. ಜನ ಕಿಕ್ಕಿರಿದು ನಿಂತಿದ್ದರಿಂದ ಹೊತ್ತವರಿಗೆ ಮುಂದೆ ಬರಲು ಆಗಲಿಲ್ಲ, ಪೆಟ್ಟಿಗೆಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಕೊಂಡು ನಿಂತುಬಿಟ್ಟರು. ಸೇವಂತಿಗೆ ಹೂವು, ಹಸಿರು ಸೀರೆ, ಹಣೆಯ ತುಂಬ ವಿಭೂತಿ. ಇಷ್ಟೇ ಕಂಡದ್ದು.

ಅದು ನಮ್ಮತ್ತೆ. ನಮಗೆ ಗೊತ್ತಾಗಲಿಲ್ಲ. ಆ ಸಣ್ಣ ಟೀವಿಯಲ್ಲಿ, ಆ ಹೊಗೆಯಲ್ಲಿ, ಒಂದು ಬೆರಳಷ್ಟು ಗಾತ್ರದ ಮುಖ.

“ಯಾರೋ ಮುತ್ತೈದೆ, ಪಾಪ” ಅಂದರು ಅಪ್ಪ. ಕೂತಲ್ಲೇ ಕೈ ಮುಗಿದರು.

“ಹೆಣ ಎದುರಿಗೆ ಬಂದ್ರೆ ಒಳ್ಳೇದಾಗುತ್ತಂತೆ. ಪೆಟ್ಟಿಗೇಲಿ ಚಿನ್ನ ಇರೋದು ಗ್ಯಾರಂಟಿ ನೋಡ್ತಾ ಇರಿ” ಅಂದರು ಅಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ.

“ದಯವಿಟ್ಟು ದಾರಿ ಬಿಡಿ, ಬೇಗ ಸಾಗಿಸಿ, ವೀಕ್ಷಕರಿಗೆ ಅಡ್ಡ ಆಗ್ತಿದೆ” ಎಂದು ಕೋಟಿನ ಯುವಕ ಮೈಕಿನಲ್ಲಿ ಕೂಗಿದ. ವಿಮಾನ ಆ ಕಡೆ ಸರಿಯಿತು. ಮುಚ್ಚಳ ಕಳಚಿ ಬಿತ್ತು. ಒಳಗೆ ಧೂಳು, ಒಂದು ಹರಿದ ಗೋಣಿಚೀಲ, ಸತ್ತ ಜಿರಳೆಗಳು. ಯುವಕನ ಮುಖ ನೋಡಬೇಕಿತ್ತು ನೀವು! ಅವನು ಗೋಣಿಚೀಲವನ್ನೇ ಎತ್ತಿ ಹಿಡಿದು, “ಇದರ ಹಿಂದಿನ ರಹಸ್ಯವೇನು?” ಅಂದ. ನಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಜೋರಾಗಿ ಅವರು ನಕ್ಕಿದ್ದನ್ನು ನಾನು ಅಷ್ಟಾಗಿ ಕಂಡವಳಲ್ಲ. ಆಮೇಲೆ ಕಾಣಲೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯವರು ವಾಪಸಾದರು. ಅವರಾಕೆ ನಮ್ಮ ಅಂಗಳದಲ್ಲೇ ನಿಂತು ಬೆರಗಾಗಿ ಕೇಳಿದರು: “ಇದೇನ್ರೀ, ಮನೇಲಿದ್ದೀರಾ? ನಿಮ್ಮಕ್ಕನ ಮಣ್ಣಿಗೆ ಬರಲಿಲ್ವಾ? ಅಲ್ಲಿ ಯಾರೋ ಹೇಳಿದ್ರು, ಹೋದವರು ನಿಮ್ಮಕ್ಕನಂತೆ ಅಂತ. ನೀವು ಮುಂದೆ ಇದ್ದೀರೇನೋ ಅಂದ್ಕೊಂಡ್ವಿ.”

ಅಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ಗುಂಡಿ ನಾನು ಹಾಕಿದೆ. ಅಮ್ಮ ಅಳುತ್ತಲೇ ಬೀರುವಿನಿಂದ ತಮ್ಮ ಒಂದು ಹೊಸ ಹಸಿರು ಸೀರೆ ತೆಗೆದುಕೊಟ್ಟರು. ಬಸ್ಸಿನಲ್ಲಿ ಪೆಟ್ಟಿಗೆ ನೋಡಲು ಹೋಗಿದ್ದವರದೇ ಮಾತು, ನಗು. ಅಪ್ಪ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದ್ದರು.

ಅತ್ತೆಯ ಮನೆಯಲ್ಲಿ ನೆಲ ತೊಳೆದಾಗಿತ್ತು. ಭಾವ ಎದ್ದು ನಿಂತರು. “ಕಾದ್ವಿ ಮಾವ. ತವರಿನ ಸೀರೆ ಬರಲಿ, ಬರಲಿ ಅಂತ ಕಾದ್ವಿ. ಹೊತ್ತು ಮುಳುಗ್ತಿತ್ತು. ಕಡೆಗೆ ಇಲ್ಲೇ ಪೇಟೇಲಿ ಒಂದು ತಂದು ಉಡಿಸಿದ್ವಿ.”

ಅಪ್ಪ ಸೀರೆಯನ್ನು ಮುಂದೆ ಹಿಡಿದರು.

“ಇದನ್ನ ಈಗ ಯಾರಿಗೆ ಉಡಿಸೋದು ಮಾವ?” ಅಂದರು ಭಾವ.

ಮೂಲೆಯಲ್ಲಿ ಕೂತಿದ್ದ ಅತ್ತೆಯ ಗಂಡ, ಯಾವತ್ತೂ ಜಾಸ್ತಿ ಮಾತಾಡದ ಮನುಷ್ಯ, ಮಗನನ್ನು ಗದರಿಸಿದರು. “ಬಿಡೋ. ಅವನಿಗೆ ಗೊತ್ತಿದ್ರೆ ಬರ್ತಿರಲಿಲ್ವೇನೋ?” ಅಂದರು. ಆ ಮಾತು ಕೇಳಿ ಅಪ್ಪ ಕುಸಿದು ಕೂತು ಅತ್ತರು. ದೊಡ್ಡವರು ಹಾಗೆ ಅಳುವುದನ್ನು ನೋಡಬಾರದು. ಅಲ್ಲಿಯ ನೆಂಟರು ಕೆಲವರು ಆಮೇಲೂ ವರ್ಷಗಟ್ಟಲೆ, ‘ತಮ್ಮ ಇದ್ದೂ ಇಲ್ಲದ ಹಾಗಾಯ್ತು’ ಎಂದು ಆಡಿಕೊಂಡರು.

ಕೆಲವು ದಿನ ಕಳೆದು ವಾರ್ತೆಯ ಮೇಡಂ ನಮ್ಮ ಮನೆ ಹುಡುಕಿಕೊಂಡು ಬಂದರು. ಅವತ್ತು ಅವರು ಎಂದಿನಂತೆ ಆಫೀಸಿಗೆ ಹೋಗಿದ್ದರಂತೆ. ಚೀಟಿಗಳು ಬಂದಿದ್ದವು. ವಾರ್ತೆ ಇಲ್ಲ ಅಂದರು ಯಜಮಾನರು. ಹೋಗಲಿ, ಪೆಟ್ಟಿಗೆಯ ಕೆಳಗೆ ಸಾವಿನ ಸುದ್ದಿಯ ಒಂದು ಸಾಲನ್ನಾದರೂ ಓಡಿಸಿ ಎಂದು ಮೇಡಂ ಕೇಳಿಕೊಂಡರು.

“ಪೂಜೆ ಮಾಡಿ ಶುರುಮಾಡಿದ್ದೀವಿ, ಶುಭ ಕಾರ್ಯದಲ್ಲಿ ಸಾವಿನ ಸುದ್ದಿ ಯಾಕೆ ಮೇಡಂ ಅಂದ್ಬಿಟ್ರು” ಎಂದು ಅವರು ಅಪ್ಪನಿಗೆ ಹೇಳಿದರು. “ಇನ್ನು ನಾನು ಅಲ್ಲಿಗೆ ಹೋಗಲ್ಲ. ಹೋಗಿಯೂ ಏನು, ಅವರಿಗೆ ನಾನು ಬೇಕಾಗಿಲ್ಲ.”

ಅವರು ಹೇಳಿದ್ದೇ ಆಯಿತು. ಖಾಲಿ ಪೆಟ್ಟಿಗೆಯಿಂದ ಯಜಮಾನ ನಾಚಿಕೆ ಪಟ್ಟುಕೊಂಡು ಒಂದೆರಡು ದಿನ ತಲೆ ಮರೆಸಿಕೊಂಡಿದ್ದನಂತೆ. ಆದರೆ ಅಂಗಡಿಯವರು ಬಂದು, ‘ಮುಂದಿನ ಲೈವ್ ಯಾವಾಗ, ನಮ್ಮ ಜಾಹೀರಾತು ಹಾಕಿ’ ಅಂದಾಗ ಅವನ ನಾಚಿಕೆ ಹಾರಿಹೋಯಿತು. ಏನೂ ಇಲ್ಲದಿದ್ದರೂ ಜನ ನೋಡುತ್ತಾರೆ ಎಂಬ ಗುಟ್ಟು ಅವನಿಗೆ ಸಿಕ್ಕಿಬಿಟ್ಟಿತ್ತು. ಬಾವಿಗೆ ಬಿದ್ದ ಕರುವಿನ ಲೈವ್. ಬಚ್ಚಲಲ್ಲಿ ನಾಗರಹಾವು ಸೇರಿಕೊಂಡಿದೆ ಎಂದು ಒಂದು ಲೈವ್. ಸ್ಟೇಷನ್ ಮುಂದೆ ಗಂಡ ಹೆಂಡಿರ ಜಗಳದ ಲೈವ್. ಮಧ್ಯಾಹ್ನದ ವಾರ್ತೆ ಮೊದಲು ಗಿಡ್ಡವಾಯಿತು, ಆಮೇಲೆ ಇಲ್ಲವಾಯಿತು. ಅಡಿಕೆ ಧಾರಣೆ ಪರದೆಯ ಕೆಳಗೆ ಓಡುವ ಸಾಲಾಯಿತು. ಸಾವಿನ ಸುದ್ದಿ ಎಲ್ಲೂ ಇಲ್ಲ. ಸುದ್ದಿ ಅಂದರೆ ಆದದ್ದನ್ನು ಹೇಳುವುದು ಎಂದು ನಾನು ತಿಳಿದಿದ್ದೆ. ಇವರು ಆಗುವ ಮೊದಲೇ ಬಾಯಿ ಬಡಿದುಕೊಳ್ಳಲು ಶುರುಮಾಡಿದರು.

ಅಪ್ಪನಿಗೆ ಇದಾವುದೂ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಆ ಕ್ಯಾಸೆಟ್ಟು. ಅಕ್ಕನ ಮುಖ ಅದರಲ್ಲಿದೆ, ಒಂದು ಸಲ ಸರಿಯಾಗಿ ನೋಡಬೇಕು ಎಂದು ನನ್ನನ್ನು ಕರೆದುಕೊಂಡು ಕೇಬಲ್ ಆಫೀಸಿಗೆ ಹೋದರು. ಜೀವಮಾನದಲ್ಲಿ ಯಾರ ಮುಂದೆಯೂ ಬಗ್ಗದ ಮನುಷ್ಯ ಅಲ್ಲಿ ಆ ಕೋಟಿನ ಯುವಕನಿಗೆ, “ಸ್ವಲ್ಪ ಹುಡುಕಿಕೊಡಪ್ಪ, ದಮ್ಮಯ್ಯ” ಎಂದು ಬೇಡಿಕೊಂಡರು.

ಯುವಕ ಕೆಟ್ಟವನಲ್ಲ. ಕುರ್ಚಿ ಕೊಟ್ಟ, ಟೀ ತರಿಸಿದ, ಕ್ಯಾಸೆಟ್ ಹಾಕಿ ತೋರಿಸಿದ. ಕಿಡಿ ಹಾರಿತು, ಜನ ಕೂಗಿದರು, ಮುಚ್ಚಳ ಬಿತ್ತು. ನಡುವೆ ವಿಮಾನವೇ ಬರಲಿಲ್ಲ.

“ಇಲ್ಲಿ ಒಂದು ಮೆರವಣಿಗೆ ಬಂದಿತ್ತಲ್ಲಪ್ಪ?” ಅಂದರು ಅಪ್ಪ.

“ಅದಾ ಸಾರ್? ಮರುಪ್ರಸಾರಕ್ಕೆ ಅಂತ ಕಟ್ ಮಾಡಿದ್ವಿ. ಅದು ವೇಸ್ಟು ಅಲ್ವಾ? ಮೂಲದ ಕ್ಯಾಸೆಟ್ ಮೇಲೆ ಬೇರೆ ರೆಕಾರ್ಡ್ ಆಗಿಹೋಗಿದೆ” ಅಂದ ಅವನು. ಹಾವಿನ ಲೈವ್ ಇರಬೇಕು.

ನಾನು ಅವನ ಮೇಲೆ ಕೂಗಾಡಿದೆ. ವೇಸ್ಟು ಅಂದ್ರೆ ಏನೋ, ನಿಮ್ಮನೇಲಿ ಯಾರೂ ಸತ್ತಿಲ್ವೇನೋ ಎಂದೆಲ್ಲ ಅಂದೆ. ಅಪ್ಪ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. “ಬಾ ಹೋಗಣ” ಅಂದರು ಅಷ್ಟೇ. ಅವರ ಸಿಟ್ಟೆಲ್ಲ ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ.

ವರ್ಷಗಳು ಕಳೆದವು. ಊರಿನ ಚಾನೆಲ್ ಮುಚ್ಚಿತು. ದಿನವಿಡೀ ಸುದ್ದಿ ಅನ್ನುವ ದೊಡ್ಡ ಚಾನೆಲ್‌ಗಳು ಬಂದವು. ಅವರೂ ನಮ್ಮ ಓಲ್ಡ್ ಟೌನಿನ ಗಿರಣಿಯಲ್ಲೇ ಕಸುಬು ಕಲಿತವರಂತೆ ಕೂಗುತ್ತಿದ್ದರು. ಅಪ್ಪ ಮಂಡಿ ಬಿಟ್ಟು ಮನೆಯಲ್ಲಿದ್ದರು. ಒಂದು ದಿನ ನಾನು ತವರಿಗೆ ಹೋಗಿದ್ದಾಗ ಟೀವಿಯಲ್ಲಿ ಯಾರೋ ದೊಡ್ಡ ಮನುಷ್ಯರ ಶವಯಾತ್ರೆ, ಬೆಳಗಿನಿಂದ ಲೈವ್. ಮುಖದ ಸುತ್ತ ಕೆಂಪು ವೃತ್ತ ಹಾಕಿ ಹತ್ತಿರದಿಂದ ತೋರಿಸುತ್ತಿದ್ದರು. ನಾನು ಆರಿಸಲು ಎದ್ದೆ. ಅಪ್ಪ ಬೇಡ ಎಂದು ಕೈ ಮಾಡಿದರು. ಆ ಭಾನುವಾರದ ಮಾತನ್ನು ಅವರು ನಮ್ಮ ಹತ್ತಿರ ಎಂದೂ ಎತ್ತಿದವರಲ್ಲ. ಅವತ್ತು ತಾವಾಗಿಯೇ ಎತ್ತಿದರು.

“ನಾನು ಅಕ್ಕನಿಗೆ ಕೈ ಮುಗಿದಿದ್ದೆ ಅಲ್ವೇನೇ?”

“ಮುಗಿದಿದ್ರಿ ಅಪ್ಪಾಜಿ. ನಾನೇ ನೋಡಿದ್ದೀನಿ” ಅಂದೆ. ಅಷ್ಟಾದರೂ ಸಮಾಧಾನವಿರಲಿ ಎಂದು, “ಗೊತ್ತಿಲ್ದೇನೇ ನಮಸ್ಕಾರ ಸಂದಿದೆ, ಬಿಡಿ” ಎಂದೂ ಅಂದೆ.

ಅಪ್ಪ ಇಲ್ಲ ಎಂದು ತಲೆ ಅಲ್ಲಾಡಿಸಿದರು. “ಕೈಯೇನೋ ಮುಗಿದೆ. ಮನಸ್ಸಲ್ಲಿ ಏನಂದ್ಕೊಂಡೆ ಅಂತ ನಿನಗೆ ಗೊತ್ತಿಲ್ಲ. ಪೆಟ್ಟಿಗೆ ಕಾಣ್ತಿರಲಿಲ್ವಲ್ಲ, ಮರೆಯಾಗಿತ್ತಲ್ಲ. ಇದೊಂದು ಬೇಗ ದಾಟಿಹೋದ್ರೆ ಸಾಕಪ್ಪ ಅಂದ್ಕೊಂಡೆ. ನಮ್ಮಕ್ಕನಿಗೆ ಅಂದ್ಕೊಂಡೆ ಕಣೇ, ಬೇಗ ಹೋಗು ಅಂತ.”